ಹನ್ನೊಂದನೆಯ ಸಾಲು

ಕಾರವಾರದ ಕಚೇರಿಯಲ್ಲಿ ಕೊಟ್ಟ ತಪಾಸಣಾ ಪಟ್ಟಿಯಲ್ಲಿ ಒಟ್ಟು ಹದಿನೆಂಟು ಸಾಲುಗಳಿದ್ದವು. ವಿಜೇತಾ ಹರಿಕಂತ್ರ ಹದಿನೇಳನ್ನು ತುಂಬಿಕೊಂಡು ಬಂದಿದ್ದಳು. ಕೋಣೆಯ ಅಳತೆ, ಬಾಡಿಗೆ ಕರಾರು, ಪದವಿ ಪತ್ರದ ಪ್ರತಿ, ಬೆಂಕಿ ಆರಿಸುವ ಸಿಲಿಂಡರಿನ ರಸೀದಿ, ಎಲ್ಲವೂ ಕ್ರಮವಾಗಿ ಪಿನ್ನು ಚುಚ್ಚಿ ಇದ್ದವು. ಹನ್ನೊಂದನೆಯ ಸಾಲು ಮಾತ್ರ ಖಾಲಿ. ಅಲ್ಲಿ ‘ಜವಾಬ್ದಾರಿ ವೈದ್ಯರ ಹೆಸರು ಮತ್ತು ಸಹಿ’ ಎಂದು ಅಚ್ಚಾಗಿತ್ತು.

“ಇದೊಂದು ತುಂಬಿ ಕೊಟ್ಬಿಡಿ ಮೇಡಂ, ಮುಂದಿನ ವಾರ ತಪಾಸಣೆಗೆ ಬತ್ತೇವು,” ಎಂದ ಗುಮಾಸ್ತ ನಿತೇಶ. ಒಳ್ಳೆಯ ಮಾತಿನ ಮನುಷ್ಯ, ಯಾರಿಗೂ ಗದರುವವನಲ್ಲ.

“ನನ್ನಲ್ಲಿ ಡಾಕ್ಟ್ರು ಯಾರೂ ಇಲ್ಲ. ಅದು ಫಿಜಿಯೋಥೆರಪಿ ಕೇಂದ್ರ. ನಡೆಸೂದು ನಾನು, ಜವಾಬ್ದಾರಿನೂ ನಂದೇ.”

“ಅದು ನಂಗೂ ಗೊತ್ತುಂಟು. ಆದ್ರೆ ಪಟ್ಟೀಲಿ ಉಂಟಲಾ.” ಅವನು ದನಿ ತಗ್ಗಿಸಿದ. “ಯಾರಾದ್ರೂ ರಿಟೈರ್ ಆದ ಡಾಕ್ಟ್ರನ್ನ ಹಿಡೀರಿ. ಒಂದು ಬೋರ್ಡು, ಒಂದು ಸಹಿ. ಅವ್ರು ಬರೂದೂ ಬೇಡ, ನೋಡೂದೂ ಬೇಡ. ಎಲ್ಲಾರೂ ಹಂಗೇ ಮಾಡೂದು.”

“ಬರದೇ ಇರೋರ ಹೆಸ್ರು ಎಂತಕೆ?”

“ಸಾಲು ತುಂಬೂಕೆ.”

“ಡಾಕ್ಟ್ರ ಹೆಸ್ರು ಇರ್ಬೇಕು ಅಂತ ಕಾಯ್ದೆಯ ಯಾವ ಕಲಂನಲ್ಲಿ ಉಂಟು, ತೋರ್ಸಿ.”

ನಿತೇಶ ಆಗ ಮೊದಲ ಸಲ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ. “ಕಲಂ ಗಿಲಂ ನಂಗೆ ಕೇಳ್ಬೇಡಿ ಮೇಡಂ. ನಾ ಬರೂಕೂ ಮುಂಚೆಯಿಂದ ಈ ಪಟ್ಟಿ ಹಿಂಗೇ ಉಂಟು.”

ವಿಜೇತಾ ಮೇಜಿನ ಮೇಲಿದ್ದ ದಾರ ಕಟ್ಟಿದ ಪೆನ್ನು ಎಳೆದುಕೊಂಡು ಹನ್ನೊಂದನೆಯ ಸಾಲಿನಲ್ಲಿ ತನ್ನ ಹೆಸರನ್ನೇ ಬರೆದಳು. ಮುಂದೆ ಬಿ.ಪಿ.ಟಿ. ಎಂದು ಪದವಿ ಸೇರಿಸಿ ಸಹಿ ಹಾಕಿದಳು.

“ಅರ್ಜಿ ವಾಪಸ್ ಬಂದ್ರೆ ಆಮೇಲೆ ನನ್ನ ಬೈಬೇಡಿ.”

“ಬರ್ಲಿ. ಎಂತಕೆ ಬಂತು ಅಂತ ಬರ್ದು ಕೊಡಿ, ಅಷ್ಟೇ.”

ಪರವಾನಗಿಯೇ ಬೇಡವೆಂದು ಅವಳು ಎಂದೂ ಹೇಳಿದವಳಲ್ಲ. ಖಾಸಗಿ ಆಸ್ಪತ್ರೆ, ಲ್ಯಾಬುಗಳ ಹಾಗೆ ಫಿಜಿಯೋಥೆರಪಿ ಕೇಂದ್ರವೂ ರಾಜ್ಯದ ಕಾಯ್ದೆಯಡಿ ನೋಂದಣಿಯಾಗಬೇಕು ಎಂಬುದು ಅವಳಿಗೆ ಸರಿ ಎನಿಸಿತ್ತು. ಮೂರು ತಿಂಗಳ ಮಸಾಜು ತರಬೇತಿ ಮುಗಿಸಿ, ಗೋಡೆಗೆ ಬೆನ್ನುಮೂಳೆಯ ಚಿತ್ರ ಅಂಟಿಸಿಕೊಂಡು, ಕುತ್ತಿಗೆ ಲಟಕ್ಕೆನ್ನಿಸಿ ದುಡ್ಡು ಇಸಿದುಕೊಳ್ಳುವವರನ್ನು ಅವಳು ಕಂಡಿದ್ದಳು. ಹಾಗೆ ಲಟಕ್ಕೆನ್ನಿಸಿಕೊಂಡು ಕೈ ಜೋಮು ಹಿಡಿದವರನ್ನೂ ಕಂಡಿದ್ದಳು. ಅಂಥವರನ್ನು ಹಿಡಿಯಲು ಕಾಯ್ದೆ ಬೇಕೇ ಬೇಕು. ಆದರೆ ನಾಲ್ಕೂವರೆ ವರ್ಷ ಓದಿ, ಮಾಡುವ ಕೆಲಸವನ್ನು ತಾನೇ ಮಾಡಿ, ಕೊನೆಗೆ ಬಾಗಿಲಿಗೆ ಬೇರೆಯವರ ಹೆಸರು ತೂಗಿಸುವುದು ಯಾವ ಕಾಯ್ದೆ?

ಈ ಹಟ ಅವಳಲ್ಲಿ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಅಂಕೋಲೆಯ ಬೆಳಂಬಾರದ ಮನೆ. ಅಪ್ಪ ಮಳೆಗಾಲ ಬಿಟ್ಟರೆ ಉಳಿದ ದಿನಗಳಲ್ಲಿ ಗೋವಾದ ಟ್ರಾಲರ್‌ಗಳಲ್ಲಿ ಖಲಾಶಿ. ಅಮ್ಮ ಹೀರಾ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು. ಬೆಳಗಾವಿಯಲ್ಲಿ ಓದು ಮುಗಿಸಿದ ಮೇಲೆ ವಿಜೇತಾ ಮಾಜಾಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು, ಗಡಿ ದಾಟಿ ಗೋವಾದ ಒಂದು ದೊಡ್ಡ ಆಸ್ಪತ್ರೆಗೆ ನಾಲ್ಕು ವರ್ಷ ಕೆಲಸಕ್ಕೆ ಹೋದಳು. ಅಲ್ಲಿ ಮಂಡಿ ಬದಲಿಸಿಕೊಂಡವರಿಂದ ಮೊದಲ ಹೆಜ್ಜೆ ಇಡಿಸುತ್ತಿದ್ದವಳು ಅವಳು. ಯಾವ ದಿನ ಎಷ್ಟು ಮಡಚಿಸಬೇಕು, ಯಾವ ದಿನ ಮೆಟ್ಟಿಲು ಹತ್ತಿಸಬೇಕು ಎಂದು ಲೆಕ್ಕ ಹಾಕುತ್ತಿದ್ದವಳೂ ಅವಳೇ. ಕಾಗದದಲ್ಲಿ ಮಾತ್ರ ‘ಸೂಚನೆಯಂತೆ’ ಎಂದು ಬರೆದು ಕೆಳಗೆ ಬೇರೊಬ್ಬರ ಸಹಿಗೆ ಜಾಗ ಬಿಡಬೇಕಿತ್ತು. ಆ ಸೂಚನೆಯನ್ನು ಯಾರೂ ಕೊಟ್ಟಿರುತ್ತಿರಲಿಲ್ಲ. ಒಂದು ದಿನ, ಮೂರು ವಾರ ಅವಳ ಹೆಗಲು ಹಿಡಿದು ನಡೆಯಲು ಕಲಿತ ಮುದುಕರೊಬ್ಬರು ಮನೆಗೆ ಹೊರಡುವಾಗ, ತಾವು ಮುಖವನ್ನೇ ನೋಡಿರದ ಡಾಕ್ಟರಿಗೆ ಕೈಮುಗಿಯಲು ಕೋಣೆ ಕೋಣೆ ಹುಡುಕುತ್ತ ಹೋದರು. ಅವಳು ಬಾಗಿಲಲ್ಲೇ ನಿಂತಿದ್ದಳು. ಆ ತಿಂಗಳ ಸಂಬಳ ತೆಗೆದುಕೊಂಡು ಕೆಲಸ ಬಿಟ್ಟಳು.

ಅಂಕೋಲೆಯಲ್ಲಿ ಮೀನುಪೇಟೆಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಕೋಣೆ ಹಿಡಿದಳು. ಎರಡು ಮಂಚ, ನೋವಿಗೆ ಕರೆಂಟು ಕೊಡುವ ಒಂದು ಪೆಟ್ಟಿಗೆ, ಒಂದು ಬಿಸಿಶಾಖದ ಯಂತ್ರ. ಹೆಗಲ ವ್ಯಾಯಾಮಕ್ಕೆ ಬೇಕಾದ ರಾಟೆಗೆ ಅಂಗಡಿಯಲ್ಲಿ ಹೇಳಿದ ಬೆಲೆ ಕೇಳಿ ಸುಮ್ಮನಾದಳು. ಆಮೇಲೆ ದೋಣಿಯವರ ಹತ್ತಿರ ಹಳೆಯ ಬಲೆಹಗ್ಗ ಮತ್ತು ಗಡಗಡೆ ಕೇಳಿ ತಂದು ತಾನೇ ಗೋಡೆಗೆ ಹೊಡೆದುಕೊಂಡಳು.

ಪೇಟೆ ಇಳಿದ ಮೇಲೆ, ಮಧ್ಯಾಹ್ನ ಎರಡರ ಸುಮಾರಿಗೆ ಹೆಂಗಸರು ಬರುತ್ತಿದ್ದರು. ತಲೆಹೊರೆ ಹೊತ್ತು ಕುತ್ತಿಗೆ ಹೋದವರು, ಕುಕ್ಕರಗಾಲಿನಲ್ಲಿ ಕೂತು ಮೀನು ಕೊಯ್ದು ಮಂಡಿ ಹೋದವರು. ಮಂಚದ ಮೇಲೆ ಮಲಗಿ ಎಂದರೆ ಒಬ್ಬರೂ ಮಲಗುತ್ತಿರಲಿಲ್ಲ.

“ನಡುಮದ್ಯಾಹ್ನ ಮನ್ಗೂಕೆ ನಂಗೆಂತ ಸೀಕಾ?” ಎಂದು ಮೊದಲ ದಿನ ಬಂಗಡೆ ಮಾರುವ ಹೊನ್ನಮ್ಮ ಗದರಿದ್ದಳು.

“ಸೀಕಿಲ್ದೆ ಇಲ್ಲಿಗೆ ಎಂತಕೆ ಬಂದ್ಯೆ ಹೊನ್ನಮ್ಮಕ್ಕ?”

“ಕುತ್ಗೆಗೆ ಸೀಕು. ನಂಗಲ್ಲ.”

ವಿಜೇತಾ ನಕ್ಕು, ಖಾಲಿ ಬುಟ್ಟಿಯನ್ನೇ ಮಗುಚಿ ಹಾಕಿ, ಅದರ ಮೇಲೆ ಕೂರಿಸಿ ಕುತ್ತಿಗೆ ನೋಡಿದಳು. ಅಂದಿನಿಂದ ಅಲ್ಲಿ ಅದೇ ಪದ್ಧತಿಯಾಯಿತು. ಪೇಟೆಯಲ್ಲಿ ಹೊನ್ನಮ್ಮಂದಿರು ಮೂವರು. ಆದ್ದರಿಂದ ರೋಗಿಗಳ ಪುಸ್ತಕದಲ್ಲಿ ಅವಳು ಅವರ ಪೂರ್ತಿ ಹೆಸರಿನ ಪಕ್ಕ ಬಂಗಡೆ ಹೊನ್ನಮ್ಮ, ಶೆಟ್ಲಿ ಹೊನ್ನಮ್ಮ, ಒಣಮೀನ ಹೊನ್ನಮ್ಮ ಎಂದೂ ಬರೆದುಕೊಳ್ಳುತ್ತಿದ್ದಳು. ಏನು ನೋವು, ಕೈ ಎಷ್ಟು ಎತ್ತಿದರು, ಏನು ಮಾಡಿಸಿದೆ, ಮುಂದೆ ಯಾವಾಗ ಬರಬೇಕು, ಎಲ್ಲವೂ ಆ ಪುಸ್ತಕದಲ್ಲಿ ಇರುತ್ತಿತ್ತು. ಪ್ರತಿ ಪುಟದ ಕೆಳಗೆ ಅವಳದೇ ಸಹಿ.

ಕಾರವಾರದಿಂದ ಬಂದ ಸಂಜೆ ಅವಳು ಮನೆಯಲ್ಲಿ ಹನ್ನೊಂದನೆಯ ಸಾಲಿನ ಸುದ್ದಿ ಹೇಳಿದಾಗ ಹೀರಾ ಅಕ್ಕಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ.

“ಒಂದ್ ಹೆಸ್ರು ತಾನೇ? ಹಾಕ್ಬಿಡು. ಹೆಸ್ರೆಂತ ಊಟ ಕೇಳ್ತದ್ಯಾ?”

“ನಾ ಹಾಕೂದಿಲ್ಲ ಆಯಿ.”

“ಮೂವತ್ತು ವರ್ಷ ಆಯ್ತು, ನಾ ದಡದ ಮೇಲೆ ಲಿಲಾವಿನಲ್ಲಿ ಮೀನು ಹಿಡೂದು ಯಾರ ಹೆಸ್ರಲ್ಲಿ? ಬೊಮ್ಮಯ್ಯನ ಹೆಸ್ರಲ್ಲಿ. ನಮ್ಗೆ ದೋಣಿ ಇಲ್ಲ. ದೋಣಿ ಇಲ್ದೋರ ಕೂಗಿಗೆ ಮೀನು ಬಿಡೂದಿಲ್ಲ. ಅಂವ ‘ನನ್ನ ಹೆಸ್ರು ಕೂಗು’ ಅಂದ, ಕೂಗ್ದೆ. ಹೆಸ್ರು ಅವಂದು, ಮೀನು ನಂದು. ನಾ ಎಂತ ಸಣ್ಣವ್ಳಾದ್ನಾ? ಅದೇ ಮೀನಲ್ಲಿ ನೀ ಬೆಳ್ಗಾವಿಗೆ ಹೋಗಿ ಬಂದ್ಯಲಾ.”

ದಡದಲ್ಲಿ ಅದು ಎಲ್ಲರೂ ಒಪ್ಪಿದ ರೀತಿ. ಹರಾಜಿನಲ್ಲಿ ದೋಣಿಯಿಲ್ಲದ ಹೆಂಗಸು ಯಾರಾದರೊಬ್ಬ ದೋಣಿಯವನ ಹೆಸರು ಕೂಗಿ ಬುಟ್ಟಿ ತುಂಬಿಸಿಕೊಳ್ಳುತ್ತಾಳೆ. ಅದಕ್ಕೆ ಯಾರೂ ಮೋಸ ಎನ್ನುವುದಿಲ್ಲ. ಬೊಮ್ಮಯ್ಯ ಒಳ್ಳೆಯವನೇ. ಒಂದು ದಿನವೂ ಅದರ ಮಾತೆತ್ತಿದವನಲ್ಲ.

“ಮೀನು ಹಾಳಾದ್ರೆ ಯಾರಿಗೆ ಲುಕ್ಸಾನು?” ಎಂದು ವಿಜೇತಾ ಕೇಳಿದಳು.

“ನಂಗೆ.”

“ನಾಳೆ ಯಾರದಾದ್ರೂ ಹೆಗಲು ನನ್ನ ಕೈಯಲ್ಲಿ ಹಾಳಾದ್ರೆ ಯಾರು ಉತ್ರ ಕೊಡೂದು? ಬೋರ್ಡಲ್ಲಿದ್ದೋರಾ, ನಾನಾ?”

“ಹಾಳಾಗೂದು ಎಂತಕೆ? ನೀ ಚೆಂದ ಮಾಡ್ತೆ ಅಲಾ.”

“ಚೆಂದ ಮಾಡಿದ್ರೂ ನನ್ನ ಹೆಸ್ರೇ, ಹಾಳು ಮಾಡಿದ್ರೂ ನನ್ನ ಹೆಸ್ರೇ.”

ಹೀರಾ ಮೊರವನ್ನು ಒಮ್ಮೆ ಜೋರಾಗಿ ಕೊಡವಿದಳು. “ನಿಂಗೆ ಹೇಳೂಕೆ ಹೋದ ನಂಗೆ ಬುದ್ಧಿ ಇಲ್ಲ,” ಎಂದು ಎದ್ದು ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತೆಂದು ವಿಜೇತಾ ತಿಳಿದುಕೊಂಡಳು.

ಮುಗಿದಿರಲಿಲ್ಲ. ಮರುದಿನವೇ ಹೀರಾ ಬುಟ್ಟಿಯಲ್ಲಿ ಒಂದು ದೊಡ್ಡ ಇಸ್ವಾಣ ಮೀನು ಇಟ್ಟುಕೊಂಡು, ನಿವೃತ್ತರಾಗಿ ಪೇಟೆಯ ಹಿಂದೆ ಮನೆ ಮಾಡಿಕೊಂಡಿದ್ದ ಡಾಕ್ಟರ್ ಪಾಂಡುರಂಗ ಮಹಾಲೆಯವರ ಅಡುಗೆಮನೆ ಬಾಗಿಲಿಗೆ ಹೋದಳು. ಪ್ರತಿ ಬುಧವಾರ ಒಂದು ಒಳ್ಳೆಯ ಮೀನು ಎಂದು ಮಾತಾಯಿತು. ಅವರು ತಮ್ಮ ಹೆಸರು, ಪದವಿ ಬರೆದ ಚೀಟಿ ಕೊಟ್ಟರು. ಪೇಂಟರ್ ಅದನ್ನು ನೋಡಿ ನೀಲಿ ತಗಡಿನ ಮೇಲೆ ಬಿಳಿ ಅಕ್ಷರ ಬರೆದ.

ತಪಾಸಣೆಯ ದಿನ ವಿಜೇತಾ ಒಳಗೆ ಪುಸ್ತಕಗಳನ್ನು ಜೋಡಿಸುತ್ತಿದ್ದಳು. ಹೊರಗೆ ಮೊಳೆ ಹೊಡೆಯುವ ಸದ್ದು ಕೇಳಿದರೂ ಪಕ್ಕದ ಅಂಗಡಿಯದಿರಬೇಕೆಂದು ಲಕ್ಷ್ಯ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ನಿತೇಶನೂ ಅವನ ಜೊತೆ ಅವಸರದಲ್ಲಿದ್ದ ಒಬ್ಬ ಅಧಿಕಾರಿಯೂ ಬಂದರು. ನಿತೇಶನ ಮುಖ ಅರಳಿತ್ತು.

“ನೋಡಿ, ಅಂದೇ ಹೇಳಿದ್ದೆ. ಈಗ ಎಲ್ಲಾ ಸರಿ ಆಯ್ತಲಾ. ಮಹಾಲೆ ಡಾಕ್ಟ್ರು ಸಿಕ್ಕಿದ್ರಲಾ.”

“ಯಾವ ಮಹಾಲೆ?”

ಅವನು ಬಾಗಿಲ ಮೇಲೆ ಬೆರಳು ತೋರಿಸಿದ. ವಿಜೇತಾ ಹೊರಗೆ ಬಂದು ನೋಡಿದಳು. ಅವಳದೇ ಹೆಸರಿನ ಹಳೆಯ ಫಲಕದ ಮೇಲ್ಗಡೆ, ಅದಕ್ಕಿಂತ ದೊಡ್ಡದಾಗಿ, ‘ಡಾ. ಪಾಂಡುರಂಗ ಮಹಾಲೆ, ಎಂ.ಬಿ.ಬಿ.ಎಸ್.’ ಎಂದಿತ್ತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಬೀದಿಯ ಆಚೆ ಬದಿಗೆ ಹೀರಾ ಸೆರಗಿನಲ್ಲಿ ಸುತ್ತಿಗೆ ಮರೆಮಾಡಿಕೊಂಡು ನಿಂತಿದ್ದಳು. ಅವಳ ಮುಖದ ಮೇಲೆ ಒಳ್ಳೆಯ ಹರಾಜು ಹಿಡಿದ ದಿನದ ಕಳೆ ಇತ್ತು.

ಅವಸರದ ಅಧಿಕಾರಿ ಪಟ್ಟಿಯನ್ನು ಮುಂದೆ ಹಿಡಿದರು. “ಹನ್ನೊಂದು, ಸರಿಯಿದೆ. ಇಲ್ಲಿ ಒಂದು ಸಹಿ ಮಾಡಿ. ನಮಗೆ ಇನ್ನೂ ಮೂರು ಕಡೆ ಹೋಗಬೇಕು.”

ಪೆನ್ನು ಅವಳ ಕೈಯಲ್ಲಿತ್ತು. ಸುಮ್ಮನೆ ಸಹಿ ಹಾಕಿದ್ದರೆ ಆ ಸಂಜೆಗೇ ಎಲ್ಲ ಮುಗಿದುಹೋಗುತ್ತಿತ್ತು. ಅವಳು ಪೆನ್ನನ್ನು ಪಟ್ಟಿಯ ಮೇಲೆ ಇಟ್ಟು, ಒಳಗಿನಿಂದ ಬುಟ್ಟಿ ತಂದು ಮಗುಚಿ ಹಾಕಿ ಹತ್ತಿ ನಿಂತಳು. ಬರಿಗೈಯಲ್ಲಿ ತಗಡನ್ನು ಎರಡು ಸಲ ಅಲ್ಲಾಡಿಸಿ ಎಳೆದಳು. ಮೊಳೆ ಸಮೇತ ಕಿತ್ತು ಬಂತು. ಅಂಗೈಗೆಲ್ಲ ಬಿಳಿ ಬಣ್ಣ.

“ಈ ಡಾಕ್ಟ್ರು ಇಲ್ಲಿ ಒಂದು ದಿನವೂ ಕಾಲಿಟ್ಟೋರಲ್ಲ,” ಎಂದಳು. “ಈ ಫಲಕ ಸುಳ್ಳು. ಇದನ್ನ ನೋಡಿ ನೀವು ಸರಿ ಅಂತ ಬರೀಬೇಡಿ. ನನ್ನ ಪುಸ್ತಕ ಒಳಗುಂಟು, ಯಂತ್ರ ಒಳಗುಂಟು, ನಾನೂ ಇಲ್ಲೇ ಇದ್ದೇನೆ. ಅದನ್ನೆಲ್ಲ ನೋಡಿ ಬರೀರಿ.”

ಅಧಿಕಾರಿ ಗಡಿಯಾರ ನೋಡಿಕೊಂಡರು. ನಿತೇಶ ನೆಲ ನೋಡಿದ. ಅವರು ಪುಸ್ತಕ ನೋಡಲಿಲ್ಲ.

ಅವರ ಜೀಪು ತಿರುಗಿದ ಮೇಲೆ ಹೀರಾ ಬೀದಿ ದಾಟಿ ಬಂದಳು. “ಕೈಗೆ ಬಂದ ಬಲೆನ ಕಡ್ದು ಹಾಕ್ದೆಯಲೆ! ಮರ್ಯಾದೆಲಿ ಒಂದು ಮೀನು ಕೊಟ್ಟು ತಂದಿದ್ದೆ.”

“ಯಾರು ಕೇಳಿದ್ರು ನಿಂಗೆ?”

“ಯಾರಾದ್ರೂ ಕೇಳ್ಬೇಕಾ? ನೀ ನನ್ನ ಹೊಟ್ಟೇಲಿ ಹುಟ್ಟಿದ್ದಲ್ವಾ?”

ವಿಜೇತಾ ಸೀಮೆಎಣ್ಣೆ ಹುಡುಕಿ ಕೈ ಒರೆಸಿಕೊಂಡಳು. ಫಲಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮಹಾಲೆಯವರ ಮನೆಗೆ ಒಯ್ದಳು.

ಮುದುಕರು ಜಗಲಿಯಲ್ಲಿ ಕೂತು ಕಾಲು ಉಜ್ಜಿಕೊಳ್ಳುತ್ತಿದ್ದರು. ಎಲ್ಲ ಕೇಳಿ ಫಲಕವನ್ನು ಪಕ್ಕಕ್ಕೆ ಇಟ್ಟುಕೊಂಡರು. “ನನ್ನ ಹೆಸರು ಇನ್ನೂ ನಾಲ್ಕು ಕಡೆ ತೂಗ್ತಾ ಉಂಟು ತಂಗಿ,” ಎಂದರು. “ಬೇಡ ಅಂತ ವಾಪಸ್ ತಂದು ಕೊಟ್ಟವಳು ನೀನೊಬ್ಬಳೇ.” ಆಮೇಲೆ, “ಹಾಗಾದ್ರೆ ಬುಧವಾರದ ಮೀನೂ ಹೋಯ್ತು,” ಎಂದು ನಕ್ಕರು. ವಿಜೇತಾ ನಗಲಿಲ್ಲ. ಆ ಉಳಿದ ನಾಲ್ಕು ಕಡೆ ಏನಾದರೂ ಹೆಚ್ಚುಕಡಿಮೆಯಾದರೆ ಪೊಲೀಸರು ಮೊದಲು ಬರುವುದು ಈ ಜಗಲಿಗೇ ಎಂದು ಅವರಿಗೆ ಬಿಡಿಸಿ ಹೇಳಿ ಬಂದಳು.

ಒಂಬತ್ತನೆಯ ದಿನ ರಿಜಿಸ್ಟರ್ ಟಪಾಲಿನಲ್ಲಿ ನೋಟೀಸು ಬಂತು. ಕೇಂದ್ರದಲ್ಲಿ ಬೇರೆ ವೈದ್ಯರ ಹೆಸರಿನ ಸುಳ್ಳು ಫಲಕ ಹಾಕಿ ತಪಾಸಣೆಯವರನ್ನು ದಾರಿ ತಪ್ಪಿಸಲು ಯತ್ನಿಸಿದ್ದೀರಿ, ಜವಾಬ್ದಾರಿ ವೈದ್ಯರೂ ಇಲ್ಲ, ಆದ್ದರಿಂದ ಅರ್ಜಿಯನ್ನು ಏಕೆ ತಿರಸ್ಕರಿಸಬಾರದು ಎಂದು ಖುದ್ದಾಗಿ ಬಂದು ಹೇಳಬೇಕು. ವಿಜೇತಾ ಅದನ್ನು ನಾಲ್ಕು ಸಲ ಓದಿದಳು. ಕಿತ್ತು ಹಾಕಿದ ಫಲಕವೇ ಈಗ ಅವಳ ಮೇಲಿನ ಮೊದಲ ಆರೋಪ. ಅರ್ಜಿ ಬಿದ್ದರೆ ಕೋಣೆಗೆ ಬೀಗ. ಅವಳು ಮತ್ತೆ ಗೋವಾಕ್ಕೆ ಹೋಗಿ ‘ಸೂಚನೆಯಂತೆ’ ಎಂದು ಬರೆಯಬೇಕು.

ಹೀರಾಳಿಗೆ ಓದಿ ಹೇಳಿದಾಗ ಅವಳು ಬುಟ್ಟಿಯನ್ನು ಬದಿಗಿಟ್ಟಳು. “ನಾನೂ ಬತ್ತೆ,” ಎಂದಳು.

“ನೀ ಬರೂದು ಬೇಡ. ಅಲ್ಲಿ ಮಾತಾಡೂದೂ ಬೇಡ.”

“ಬತ್ತೆ ಅಂದೆ.”

ವಿಚಾರಣೆಯ ಕೋಣೆಯಲ್ಲಿ ಮೇಜಿನ ಆಚೆ ಸುಮಲತಾ ಎಂಬ ಹಿರಿಯ ಅಧಿಕಾರಿ ಕೂತಿದ್ದರು. ಪಕ್ಕದಲ್ಲಿ ಫೈಲು ಹಿಡಿದ ನಿತೇಶ. ಹೀರಾ ಒಳಗೆ ಬಂದು ಗೋಡೆಗೆ ಒತ್ತಿ ನಿಂತಳು.

“ಫಲಕ ಹಾಕಿದ್ದು ಹೌದೇ?” ಎಂದರು ಸುಮಲತಾ.

“ಹೌದು. ನನ್ನ ಕೇಂದ್ರದ ಬಾಗಿಲ ಮೇಲೆ ಇತ್ತು. ಅದಕ್ಕೆ ನಾನೇ ಜವಾಬ್ದಾರಿ. ತೆಗೆದದ್ದೂ ನಾನೇ, ಇವರ ಎದುರಿಗೇ. ಅದು ನೋಟೀಸಿನಲ್ಲಿ ಇಲ್ಲ.”

“ನೀವೇ ಹಾಕಿದ್ದಾ?”

ವಿಜೇತಾ ಒಂದು ಕ್ಷಣ ತಡೆದಳು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಮಾತು ಬಂತು.

“ಅವ್ಳಲ್ಲ ಬಾಯೋರೆ, ನಾ ಹಾಕ್ಸಿದ್ದು. ಮೊಳೆನೂ ನಾನೇ ಹೊಡ್ದದ್ದು. ಅವ್ಳು ಬೇಡ ಅಂದಿದ್ಲು.”

“ನೀವು ಯಾರು?”

“ಇವ್ಳ ಆಯಿ. ಮೀನು ಮಾರೂದು. ಯಾವ್ದಾದ್ರೂ ಡಾಕ್ಟ್ರ ಹೆಸ್ರು ಹಾಕಿ, ಅವ್ರು ಬರೂದೂ ಬೇಡ, ನೋಡೂದೂ ಬೇಡ ಅಂತ ಈ ಕಚೇರಿಲೇ ಹೇಳಿದ್ರಂತೆ. ನಮ್ಮ ದಡದಲ್ಲೂ ಹಂಗೇ. ಸರ್ಕಾರದಲ್ಲೂ ಹಂಗೇ ಅಂತ ತಿಳ್ಕಂಡು ಹಾಕ್ಸಿದೆ. ಇಲ್ದಿದ್ರೆ ಮೀನು ಮಾರೂ ನಂಗೆ ಈ ಉಪಾಯ ಎಲ್ಲಿಂದ ಬರ್ಬೇಕು?”

ಸುಮಲತಾ ನಿಧಾನವಾಗಿ ನಿತೇಶನ ಕಡೆ ತಿರುಗಿದರು. ಅವನ ಕಿವಿ ಕೆಂಪಾಗಿತ್ತು.

“ನೀವು ಹೀಗೆ ಹೇಳಿದ್ರಾ?”

“ಸಾಲು ಇತ್ತಲಾ ಮೇಡಂ... ಹಿಂದಿನಿಂದ ಹಂಗೇ ನಡ್ಕಂಡು ಬಂದದ್ದು.”

ವಿಜೇತಾ ತನ್ನ ಚೀಲದಿಂದ ಕಾಯ್ದೆಯ ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟಳು. ಅಂಚುಗಳೆಲ್ಲ ಪೆನ್ಸಿಲಿನ ಗುರುತು. “ನಾನು ಇದನ್ನ ಪೂರ್ತಿ ಓದಿದ್ದೇನೆ ಮೇಡಂ. ಫಿಜಿಯೋಥೆರಪಿ ಕೇಂದ್ರ ನಡೆಸುವವರು ಬಾಗಿಲಿಗೆ ಬೇರೆ ಡಾಕ್ಟರ ಹೆಸರು ಹಾಕಬೇಕು ಅಂತ ನನಗೆ ಎಲ್ಲೂ ಸಿಗಲಿಲ್ಲ. ಇದ್ದರೆ ತೋರಿಸಿ. ತೋರಿಸಿ, ಆ ಕಲಂ ಬರೆದು ನನ್ನ ಅರ್ಜಿ ತಿರಸ್ಕರಿಸಿ. ನಾನು ಮೇಲ್ಮನವಿ ಹಾಕ್ತೇನೆ. ಬಾಯಿಮಾತಿಗೆ ಮಾತ್ರ ನಾನು ಬಾಗಿಲು ಹಾಕೂದಿಲ್ಲ.”

ಸುಮಲತಾ ಪುಟ ತಿರುಗಿಸಿದರು. ಕಚೇರಿಯ ಪಟ್ಟಿಯನ್ನೂ ಪಕ್ಕಕ್ಕೆ ಎಳೆದುಕೊಂಡರು. ಬಹಳ ಹೊತ್ತು ಎರಡನ್ನೂ ನೋಡಿದರು. “ಇದು ನರ್ಸಿಂಗ್ ಹೋಮಿಗೆ ಅಂತ ಯಾರೋ ಟೈಪ್ ಮಾಡಿಸಿದ್ದು,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ತಲೆಯೆತ್ತಿ, “ಕಾಯ್ದೆಯ ಮಾತು ಬದಿಗಿರಲಿ. ನಿಮ್ಮ ಕೈಮೀರಿದ ರೋಗಿ ಬಂದರೆ? ನೋವು ಅಂತ ಬಂದವರಿಗೆ ಒಳಗೆ ಬೇರೇನೋ ಇದ್ದರೆ? ಅದಕ್ಕೇ ಅಲ್ಲವೇ ಡಾಕ್ಟರು ಬೇಕೆನ್ನುವುದು?”

ಆ ಪ್ರಶ್ನೆ ಸರಿಯಾದದ್ದೇ ಎಂದು ವಿಜೇತಾಳಿಗೆ ಅನಿಸಿತು. ಅವಳು ರೋಗಿಗಳ ಪುಸ್ತಕ ತೆರೆದು ಒಂದು ಪುಟ ತೋರಿಸಿದಳು.

“ಶೆಟ್ಲಿ ಹೊನ್ನಮ್ಮ ಅಂದರೆ?” ಸುಮಲತಾರ ತುಟಿಯಲ್ಲಿ ನಗೆ ಸುಳಿಯಿತು.

“ಶೆಟ್ಲಿ, ಅಂದರೆ ಸಿಗಡಿ ಮಾರುವವಳು. ಹೊನ್ನಮ್ಮ ಮೂವರಿದ್ದಾರೆ. ಎಡಗೈ ನೋವು, ಹೊರೆ ಹೊತ್ತದ್ದಕ್ಕೆ ಅಂತ ಬಂದಳು. ಕೈ ಎತ್ತಿಸಿದೆ, ಇಳಿಸಿದೆ, ನೋವು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಬೆವರುತ್ತಿದ್ದಳು. ನಾನು ಮುಟ್ಟಲಿಲ್ಲ. ಚೀಟಿ ಬರೆದು, ರಿಕ್ಷಾದಲ್ಲಿ ಕೂರಿಸಿ ನಾನೇ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದೆ. ಹೃದಯದ ತೊಂದರೆ. ಹೀಗೆ ಕಳಿಸಿದವರು ಇದುವರೆಗೆ ಹದಿಮೂರು ಮಂದಿ, ಎಲ್ಲರದ್ದೂ ಇಲ್ಲಿ ಬರೆದಿದೆ. ಮಹಾಲೆ ಡಾಕ್ಟರ ಫಲಕ ಅವಳನ್ನ ರಿಕ್ಷಾ ಹತ್ತಿಸ್ತಿರಲಿಲ್ಲ ಮೇಡಂ.”

ಸುಮಲತಾ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎಲ್ಲ ಪುಟಗಳ ಕೆಳಗೂ ಒಂದೇ ಸಹಿ. ಅವರು ಪೆನ್ನು ತೆಗೆದು ಫೈಲಿನಲ್ಲಿ ಬರೆಯತೊಡಗಿದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಫಲಕದ ವಿಷಯದಲ್ಲಿ ಅರ್ಜಿದಾರರ ತಪ್ಪು ಕಂಡುಬಂದಿಲ್ಲ. ಅರ್ಜಿದಾರರು ಅರ್ಹತೆಯುಳ್ಳ ಫಿಜಿಯೋಥೆರಪಿಸ್ಟ್ ಆಗಿದ್ದು, ಕೇಂದ್ರದ ಚಿಕಿತ್ಸೆಗೆ ಸ್ವತಃ ಜವಾಬ್ದಾರರು. ಬೇರೆ ವೈದ್ಯರ ಹೆಸರು ಅಗತ್ಯವಿಲ್ಲ. ನೋಂದಣಿ ಮಾಡಬಹುದು.

“ಆಯಿತಲ್ಲ? ಇನ್ನು ಹೊರಡಿ. ಆದೇಶದ ಪ್ರತಿ ಟಪಾಲಿನಲ್ಲಿ ಬರುತ್ತದೆ.”

“ನಾನು ಕಾಯ್ತೇನೆ ಮೇಡಂ.”

ಹೊರಗಿನ ಬೆಂಚಿನ ಮೇಲೆ ವಿಜೇತಾ ಕೂತಳು. ಹೀರಾ ಪಕ್ಕದಲ್ಲಿ ಕಾಲು ಚಾಚಿದಳು. ಒಂದು ತಾಸಿನ ಮೇಲೆ ನಿತೇಶ ಬಂದು, ಟೈಪಿಸ್ಟ್ ಮನೆಗೆ ಹೋಗಿದ್ದಾನೆ, ಸೋಮವಾರ ಬನ್ನಿ ಎಂದ.

“ಕೈಬರಹದಲ್ಲೇ ಕೊಡಿ. ಸೀಲು ಇದ್ರೆ ಸಾಕು.”

“ಮೇಡಂ ಎಲ್ಲರ ಎದ್ರಿಗೇ ಓದಿದ್ರಲಾ. ನಂಬಿಕೆ ಇಲ್ವಾ ನಿಮ್ಗೆ?”

“ಇಲ್ಲ.”

ಹೀರಾ ಮಗಳ ಮುಖ ನೋಡಿದಳು. ಆಮೇಲೆ ನಿತೇಶನಿಗೆ, “ನಮ್ಗೆ ಅಂಕೋಲೆಗೆ ಕಡೇ ಬಸ್ಸು ತಪ್ಪಿದ್ರೂ ಅಡ್ಡಿ ಇಲ್ಲ ತಮ್ಮಾ,” ಎಂದಳು. “ನಾವು ಇಲ್ಲೇ ಮನ್ಗುವ. ನೀ ಬೀಗ ಹಾಕೂದು ಹ್ಯಾಂಗೆ ನೋಡ್ಕೋ.”

ಅವನು ಒಳಗೆ ಹೋದ. ಮೇಜಿನ ಡ್ರಾಯರ್ ಎಳೆಯುವ ಸದ್ದು ಕೇಳಿತು. ಇಪ್ಪತ್ತು ನಿಮಿಷದ ಮೇಲೆ ಒಂದು ಹಾಳೆ ತಂದು ಕೊಟ್ಟ. ವಿಜೇತಾ ನಿಂತುಕೊಂಡೇ ಪ್ರತಿ ಸಾಲಿಗೂ ಬೆರಳಿಟ್ಟು ಓದಿದಳು.

“ತಾರೀಕು ಹಾಕಲಿಲ್ಲ,” ಎಂದು ಹಾಳೆಯನ್ನು ಮರಳಿ ಚಾಚಿದಳು.

ನಿತೇಶ ಅಲ್ಲೇ ಗೋಡೆಗೆ ಹಾಳೆ ಒತ್ತಿ ಹಿಡಿದು ತಾರೀಕು ಬರೆದ.